ಪದ ಬೇಕು: ಕಾಲರಿನ ‘ಪಿಪ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ಬಾಹ್ಯಾಕಾಶ ಹಡಗಿನ ಟಿವಿ ಸರಣಿಯ ಪಾತ್ರಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆಯೊಳಗೆ ಕೊಡಬೇಕು. ಸಮವಸ್ತ್ರದ ಕಾಲರಿಗೆ ಚುಚ್ಚುವ, ದರ್ಜೆ ತೋರಿಸುವ ಆ ಪುಟ್ಟ ಗುಂಡನೆಯ ‘ಪಿಪ್’ಗೆ ಪದ ಸಿಗುತ್ತಿಲ್ಲ. ಕ್ಯಾಪ್ಟನ್‌ಗೆ ನಾಲ್ಕು, ತೀರಾ ಕೆಳಗಿನ ಅಧಿಕಾರಿ ಎನ್ಸೈನ್‌ಗೆ ಒಂದು. ಸದ್ಯಕ್ಕೆ ‘ಲಾಂಛನ’ ಅಂತ ಹಾಕಿದ್ದೇನೆ. ಆದರೆ 1998ರ ಕಂತಿನಲ್ಲಿ ಹಡಗಿನ ಅಧಿಕಾರಿ ಟಾಮ್ ಪ್ಯಾರಿಸ್‌ಗೆ ಹಿಂಬಡ್ತಿಯಾಗುತ್ತದೆ. ಅಲ್ಲಿ ‘ಲಾಂಛನ ಹೋಯಿತು’ ಅಂದರೆ ಪಡೆಯಿಂದಲೇ ಹೊರಹಾಕಿದ ಹಾಗೆ ಕೇಳಿಸುತ್ತದೆ.

ಮರು:
ಲಾಂಛನ ಸಲ್ಲದು. ಚಾಲುಕ್ಯರ ವರಾಹ ಲಾಂಛನ ಇಡೀ ಮನೆತನದ್ದು, ಅದರಲ್ಲಿ ಮೇಲು ಕೀಳಿಲ್ಲ. ಈ ಸರಣಿಯಲ್ಲಿ ಎದೆಯ ಮೇಲಿನ ಬಾಣದ ಮೊನೆಯಂಥದ್ದು ಲಾಂಛನ, ಕ್ಯಾಪ್ಟನ್‌ಗೂ ಎನ್ಸೈನ್‌ಗೂ ಒಂದೇ. ಕಾಲರಿನದು ‘ಬಿಲ್ಲೆ’. ಈ ವ್ಯತ್ಯಾಸ ಹಿಡಿಯದಿದ್ದರೆ ಚಕೋಟೇ ಪಾತ್ರವೇ ಕೈತಪ್ಪುತ್ತದೆ. ಅವನನ್ನೂ ಟೊರೆಸ್‌ಳನ್ನೂ ಮಾಕೀ ಬಂಡುಕೋರರ ಗುಂಪಿನಿಂದ ಹಡಗಿಗೆ ಸೇರಿಸಿಕೊಂಡಾಗ ಎದೆಗೆ ಎಲ್ಲರ ಲಾಂಛನವೇ ಸಿಕ್ಕಿತು. ಕಾಲರಿಗೆ ಮಾತ್ರ ಗುಂಡು ಬಿಲ್ಲೆಗಳ ಬದಲು ತಾತ್ಕಾಲಿಕ ದರ್ಜೆಯ ಉದ್ದನೆಯ ಪಟ್ಟಿ. ಕ್ಯಾಪ್ಟನ್ ಬಿಟ್ಟರೆ ಹಡಗಿಗೆ ಚಕೋಟೇಯೇ ಹಿರಿಯ. ಏಳು ಸೀಸನ್ ಆಜ್ಞೆ ಕೊಟ್ಟರೂ ಹೊರಗಿನಿಂದ ಬಂದವನೆಂಬ ಗುರುತು ಕತ್ತಿನ ಬಳಿ ಉಳಿದೇ ಇತ್ತು. ಸಂಭಾಷಣೆ ಅದನ್ನು ಮರೆತ ಕಂತುಗಳಲ್ಲೂ ಕ್ಯಾಮೆರಾ ಹತ್ತಿರ ಬಂದರೆ ಕಾಣುತ್ತದೆ.

ಮರು:
‘ಬಿಲ್ಲೆ’ ಮರಾಠಿಯ ‘ಬಿಲ್ಲಾ’. ಎರವಲೇ ಆಗಬಹುದಾದರೆ ‘ಪಿಪ್’ ಏನು ಪಾಪ ಮಾಡಿದೆ? ಕ್ಯಾಪ್ಟನ್, ಕಾಲರ್, ಎನ್ಸೈನ್ ಎಲ್ಲವನ್ನೂ ಒಳಗೆ ಬಿಟ್ಟು ಇದೊಂದಕ್ಕೆ ಬಾಗಿಲು ಹಾಕುವುದೇಕೆ? ಅಂದಹಾಗೆ ‘ಎನ್ಸೈನ್’ ಹುಟ್ಟಿದ್ದೇ ಲ್ಯಾಟಿನ್ನಿನ ‘ಇನ್‌ಸಿಗ್ನಿಯಾ’ದಿಂದ, ಹಳೆಯ ಫ್ರೆಂಚಿನ ದಾರಿಯಾಗಿ. ಮೊದಲು ಗುರುತು, ಆಮೇಲೆ ಬಾವುಟ, ಆಮೇಲೆ ಬಾವುಟ ಹೊತ್ತವನು. 1995ರಿಂದ 2001ರವರೆಗೆ ಒಂದೇ ಪಿಪ್‌ನಲ್ಲಿ ನಿಂತ ಹ್ಯಾರಿ ಕಿಮ್‌ನ ದರ್ಜೆಯ ಹೆಸರಿನೊಳಗೇ ನೀವು ಹುಡುಕುತ್ತಿರುವ ಪದವಿದೆ. ಅನುವಾದಿಸಲೇಬೇಕೆಂದರೆ ಅಲ್ಲಿಂದ ಶುರುಮಾಡಿ.

ಮರು:
ಮರಾಠಿ? ತಮಿಳಿನ ‘ವಿಲ್ಲೈ’ ನೋಡಿ. ವೇರ್–ಬೇರು, ವಿಲ್–ಬಿಲ್ಲು, ವಿಲ್ಲೈ–ಬಿಲ್ಲೆ. ಮರಾಠಿಯವರೇ ನಮ್ಮಿಂದ ಒಯ್ದಿರಬಹುದು. ನಮ್ಮ ಪದಗಳನ್ನೆಲ್ಲ ಉತ್ತರದವರ ಲೆಕ್ಕಕ್ಕೆ ಬರೆಯುವ ಚಾಳಿ ಇನ್ನಾದರೂ ನಿಲ್ಲಲಿ. ಎನ್ಸೈನ್‌ನನ್ನು ‘ಧ್ವಜಧಾರಿ’ ಮಾಡಿದರೆ ಓದುಗ ಪರದೆಯ ಮೇಲೆ ಬಾವುಟ ಹುಡುಕುತ್ತಾನೆ. ಅದನ್ನು ಹಾಗೇ ಬಿಡಿ.

ಮರು:
ಇಬ್ಬರಿಗೂ ಧನ್ಯವಾದ. ‘ಬಿಲ್ಲೆ’ ಇಟ್ಟುಕೊಳ್ಳುತ್ತೇನೆ. 2000ದ ಕಂತಿನಲ್ಲಿ ಪ್ಯಾರಿಸ್‌ಗೆ ದರ್ಜೆ ಮರಳುವಾಗ ಅವನ ಕುರ್ಚಿಯ ಮೇಲೆ ಪುಟ್ಟ ಪೆಟ್ಟಿಗೆ ಇರುತ್ತದೆ. ತನ್ನ ಕುರ್ಚಿಯ ಮೇಲೆ ಪೆಟ್ಟಿಗೆ ಇಲ್ಲವಲ್ಲ ಅನ್ನುತ್ತಾನೆ ಹ್ಯಾರಿ. ಆ ಸಂಕಟ ಓದುಗನಿಗೆ ತಾಗಬೇಕಾದರೆ ಪೆಟ್ಟಿಗೆಯೊಳಗಿನದು ಕೈಗೆ ಸಿಗುವ ವಸ್ತುವಾಗಿರಬೇಕು. ‘ದರ್ಜೆಸೂಚಕ ಚಿಹ್ನೆ’ ಅಲ್ಲಿ ಸತ್ತ ಪದ. ಒಂದು ತೊಡಕು ಉಳಿದಿದೆ. ಪ್ಯಾರಿಸ್‌ದು ಒಂದು ತುಂಬಿದ ಬಿಲ್ಲೆ, ಇನ್ನೊಂದು ನಡುವೆ ಕಪ್ಪಾಗಿ ಅಂಚು ಮಾತ್ರ ಹೊಳೆಯುವಂಥದ್ದು. ‘ಟೊಳ್ಳು ಬಿಲ್ಲೆ’ ನಡೆಯುತ್ತದೆಯೇ?

ಮರು:
ಟೊಳ್ಳು ಬೇಡವೇ ಬೇಡ, ಬೈದ ಹಾಗಾಗುತ್ತದೆ. ‘ಅಂಚುಬಿಲ್ಲೆ’ ಅನ್ನಿ.

ಮರು:
ಅಂಚುಬಿಲ್ಲೆಯಂತೆ! ಯಾರೂ ಆಡದ ಪದ ಕಟ್ಟುವುದಕ್ಕಿಂತ ಎಲ್ಲರೂ ಆಡುವ ಎರವಲು ಮೇಲು. ನಾನಂತೂ ‘ಪಿಪ್’ ಅಂತಲೇ ಬರೆಯುತ್ತೇನೆ.