ಅಪ್‌ಡೇಟ್: ಅಮ್ಮನ ಜೊತೆ ಬಾಲಿಯ ಬಾತೂರ್ ನೋಡಿ ಬಂದೆ

ಮಂಡಿ ನೋವಿರುವ ಅಮ್ಮನನ್ನು ಗ್ರೂಪ್ ಟೂರ್‌ನಲ್ಲಿ ಬಾತೂರ್ ಜ್ವಾಲಾಮುಖಿಗೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೆ. ಜೀಪ್ ಹಿಡಿಯಿರಿ ಎಂದವರಿಗೆಲ್ಲ ಥ್ಯಾಂಕ್ಸ್. ಅಮ್ಮ ಜೀಪಿನಲ್ಲಿ ಹೋದರು, ನಾನು ನಡೆದೆ.

ಎತ್ತರ 1,717 ಮೀಟರ್. ಕತ್ತಲಲ್ಲೇ ಟಾರ್ಚ್ ಹಿಡಿದು ಹೊರಟರೆ ಸುಮಾರು ಎರಡು ಗಂಟೆ ಹತ್ತಬೇಕು. ಕೊನೆಕೊನೆಗೆ ಬರೀ ಸಡಿಲ ಬೂದಿ, ಜಲ್ಲಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೇಲೆ ನಿಂತರೆ ಬೆವರು ಆರಿ ನಡುಕ ಶುರು, ಸ್ವೆಟರ್ ಬೇಕೇ ಬೇಕು. ಕಲ್ಲಿನ ಸಂದಿಯಿಂದ ಬರುವ ಹಬೆಯಲ್ಲೇ ಗೈಡ್ ಮೊಟ್ಟೆ ಬೇಯಿಸಿದ. ನಾನು ಮೊಟ್ಟೆ ತಿನ್ನಲ್ಲ, ಬಾಳೆಹಣ್ಣು ಕೊಟ್ಟ. ಅದರ ಮೇಲೆ ಕೋತಿಗಳ ಕಣ್ಣು!

ಜೀಪ್ ತುದಿಯವರೆಗೆ ಹೋಗಲ್ಲ. ಆದರೆ ಸೂರ್ಯೋದಯ ಕಾಣುವ ಜಾಗಕ್ಕೂ, ಹರಿದು ಗಟ್ಟಿಯಾದ ಕಪ್ಪು ಲಾವಾ ಬಯಲಿಗೂ ಕರೆದೊಯ್ಯುತ್ತಾರೆ. ಅಮ್ಮನಿಗೆ ಅಷ್ಟು ಸಾಕಾಯಿತು. ಬೆಟ್ಟ ಕೊನೆಯದಾಗಿ ಸಿಡಿದದ್ದು 2000ರಲ್ಲಿ, ಈಗಲೂ ಸಕ್ರಿಯವೇ. ಹೊರಡುವ ಮುಂಚೆ ಎಚ್ಚರಿಕೆ ಮಟ್ಟ ನೋಡಿಕೊಳ್ಳಿ.

ಬಿಸಿನೀರಿನ ಕೊಳಗಳು ತೋಯಾ ಬುಂಕಾ ಹಳ್ಳಿಯಲ್ಲಿ, ಬೆಟ್ಟದ ಬುಡದ ಬಾತೂರ್ ಸರೋವರದ ದಡದಲ್ಲೇ ಇವೆ. ಅಮ್ಮ ಕಾಲು ಇಳಿಬಿಟ್ಟು ಕೂತವರು ಏಳಲೇ ಒಲ್ಲರು. ಟೂರ್‌ನವರು ಅಲ್ಲಿ ಕೊಟ್ಟ ಸಮಯ ಮಾತ್ರ ಏನೇನೂ ಸಾಲದು, ಬುಕ್ ಮಾಡುವಾಗಲೇ ಅದನ್ನು ಕೇಳಿಕೊಳ್ಳಿ.