ಪದಚರ್ಚೆ: ‘ಇಂಟ್’ ಅಂದರೆ ಪೂರ್ಣಾಂಕವೇ? ‘ಓವರ್‌ಫ್ಲೋ’ಗೆ ‘ಕೋಡಿ’ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಸಿ ಮತ್ತು ಜಾವಾ ಪ್ರೋಗ್ರಾಮಿಂಗ್ ಭಾಷೆಗಳನ್ನು ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲೇ ನೋಟ್ಸ್ ಬರೆಯುತ್ತಿದ್ದೇನೆ. ಡೇಟಾ ಟೈಪ್ (ದತ್ತಾಂಶದ ಬಗೆ) ಪಾಠದಲ್ಲಿ ಕೆಲವು ಪದಗಳು ಗಟ್ಟಿಯಾಗಿ ಕೂರುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಮೊದಲನೆಯದು ‘ಪೂರ್ಣಾಂಕ’. ಶಾಲೆಯ ಗಣಿತ ಪುಸ್ತಕದಲ್ಲಿ ಇಂಟಿಜರ್‌ಗೆ ಇದೇ ಪದ, ಮಕ್ಕಳಿಗೆ ಚೆನ್ನಾಗಿ ಗೊತ್ತು. ತೊಂದರೆ ಇರುವುದೂ ಅಲ್ಲೇ. ಗಣಿತದ ಪೂರ್ಣಾಂಕಗಳಿಗೆ ಕೊನೆ ಇಲ್ಲ. ಧನದ ಕಡೆಗೂ ಹೋಗುತ್ತಲೇ ಇರಬಹುದು, ಋಣದ ಕಡೆಗೂ ಹೋಗುತ್ತಲೇ ಇರಬಹುದು. ಸಿ ಭಾಷೆಯಲ್ಲಿ ಇಂಥ ಸಂಖ್ಯೆ ಇಡಲು ಬಳಸುವ ಟೈಪ್ ಆದ ಇಂಟ್‌ಗೆ ಎರಡೂ ಕಡೆ ಗಡಿ ಇದೆ. ‘ಇಂಟ್ ಎಂದರೆ ಪೂರ್ಣಾಂಕ’ ಅಂತ ಬರೆದುಬಿಟ್ಟರೆ, ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಅದರಲ್ಲಿ ಇಡಬಹುದು ಅಂತ ಓದಿದವರು ತಿಳಿಯುತ್ತಾರೆ. ಹಾಗೆ ತಿಳಿಯುವುದು ಸಹಜ ಅಲ್ವಾ?

ಚನ್ನಗಿರಿ ಕಡೆಯ ಹುಡುಗನೊಬ್ಬ ಅಡಿಕೆ ಮಂಡಿಯ ಲೆಕ್ಕಕ್ಕೆ ಪುಟ್ಟ ಪ್ರೋಗ್ರಾಂ ಬರೆದಿದ್ದ. ಅವರ ಕಾಲೇಜಿನ ಲ್ಯಾಬ್‌ನಲ್ಲಿ ಈಗಲೂ ಟರ್ಬೋ ಸಿ ಅನ್ನುವ ಹಳೆಯ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಇದೆ. ರೇಟನ್ನು ಇಂಟ್‌ನಲ್ಲಿ ಇಟ್ಟು, ಕ್ವಿಂಟಲ್‌ಗೆ 48000 ಅಂತ ಕೊಟ್ಟ. ಪರದೆ ಮೇಲೆ ಬಂದದ್ದು -17536. ‘ಸರ್, ಅಡಿಕೆ ರೇಟು ಮೈನಸ್ ಹೆಂಗಾಯ್ತು?’ ಅಂತ ಕೇಳಿದ.

ಟರ್ಬೋ ಸಿ ಇಂಟ್‌ಗೆ 2 ಬೈಟ್ ಕೊಡುತ್ತದೆ. ಅಂದರೆ 16 ಬಿಟ್, ಸೊನ್ನೆ ಅಥವಾ ಒಂದನ್ನು ಇಡುವ 16 ಮನೆಗಳು. ಅಷ್ಟರಲ್ಲಿ ಒಟ್ಟು 65,536 ಸಂಖ್ಯೆಗಳನ್ನು ಗುರುತಿಸಬಹುದು. ಅದರಲ್ಲಿ ಅರ್ಧ ಋಣಕ್ಕೆ ಹೋಗುತ್ತದೆ. ಹಾಗಾಗಿ -32,768ರಿಂದ 32,767ರವರೆಗೆ ಮಾತ್ರ ಹಿಡಿಸುತ್ತದೆ. 48,000ದಿಂದ 65,536 ಕಳೆದು ನೋಡಿ, ಆ -17,536 ಸಿಗುತ್ತದೆ. ಅದೇ ಪ್ರೋಗ್ರಾಂ ಮನೆಯ ಲ್ಯಾಪ್‌ಟಾಪಿನ ಜಿಸಿಸಿ ಕಂಪೈಲರ್‌ನಲ್ಲಿ ಸರಿಯಾಗಿ ಓಡಿತು. ಅಲ್ಲಿ ಇಂಟ್ 4 ಬೈಟ್. 2,14,74,83,647ರವರೆಗೆ, ಅಂದರೆ 214 ಕೋಟಿ ದಾಟಿದ ಮೇಲೂ ಜಾಗ ಇರುತ್ತದೆ. ಹಾಗಂತ ನಿಶ್ಚಿಂತೆಯಾಗಿ ಇರುವ ಹಾಗಿಲ್ಲ. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲಿ ಇಟ್ಟರೆ ಈ 214 ಕೋಟಿ ಬರೀ 2 ಕೋಟಿ 14 ಲಕ್ಷ ರೂಪಾಯಿಗೆ ಇಳಿಯುತ್ತದೆ. ದೊಡ್ಡ ಮಂಡಿಯ ವರ್ಷದ ವಹಿವಾಟಿಗೆ ಅದು ಸಾಲದು.

ಆದ್ದರಿಂದ ‘ಇಂಟ್‌ನ ಗಾತ್ರ 4 ಬೈಟ್’ ಅಂತ ಸುಮ್ನೆ ಬರೆಯುವುದೂ ಸರಿಯಲ್ಲ. ಜಾವಾದಲ್ಲಿ ಅದು ನಿಜ. ಅಲ್ಲಿನ ಪೂರ್ಣಾಂಕ ಟೈಪ್‌ಗಳಲ್ಲಿ ಬೈಟ್ 8 ಬಿಟ್, ಶಾರ್ಟ್ 16, ಇಂಟ್ 32, ಲಾಂಗ್ 64, ಯಾವ ಯಂತ್ರದಲ್ಲಾದರೂ ಇಷ್ಟೇ. ಸಿ ಸ್ಟ್ಯಾಂಡರ್ಡ್ (ಆ ಭಾಷೆಯ ಅಧಿಕೃತ ನಿಯಮಗಳು) ಮಾತ್ರ ಕನಿಷ್ಠ ಎಷ್ಟಿರಬೇಕು ಅಂತ ಹೇಳಿ ಬಿಡುತ್ತದೆ. ಇಂಟ್ ಕನಿಷ್ಠ 16 ಬಿಟ್, ಲಾಂಗ್ ಕನಿಷ್ಠ 32. ಉಳಿದದ್ದು ಕಂಪೈಲರ್‌ಗೆ ಬಿಟ್ಟದ್ದು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್ ಇದ್ದರೆ, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಅಂದರೆ ಅಲ್ಲಿ ಲಾಂಗ್‌ಗೂ ಇಂಟ್‌ಗೂ ಅಳತೆಯಲ್ಲಿ ವ್ಯತ್ಯಾಸವೇ ಇಲ್ಲ. ಈ ಹೆಸರುಗಳನ್ನು ‘ಉದ್ದ ಪೂರ್ಣಾಂಕ’, ‘ಗಿಡ್ಡ ಪೂರ್ಣಾಂಕ’ ಅಂತ ಕನ್ನಡಕ್ಕೆ ತಂದರೆ ಗೊಂದಲ ಜಾಸ್ತಿಯಾಗುತ್ತದೆ.

ನನ್ನ ಸಲಹೆ ಇದು. ಇಂಟ್, ಲಾಂಗ್ ಇವೆಲ್ಲ ಕೋಡಿನಲ್ಲಿ ಹೇಗಿವೆಯೋ ಹಾಗೇ ಇರಲಿ. ವಿವರಿಸುವಾಗ ‘32 ಬಿಟ್ ಪೂರ್ಣಾಂಕ’, ‘64 ಬಿಟ್ ಪೂರ್ಣಾಂಕ’ ಅಂತ ಅಳತೆ ಸೇರಿಸಿಯೇ ಬರೆಯೋಣ. ಅಳತೆ ಇಲ್ಲದ ಬರೀ ‘ಪೂರ್ಣಾಂಕ’ವನ್ನು ಗಣಿತಕ್ಕೂ ಪೈಥಾನ್ ಭಾಷೆಗೂ ಇಟ್ಟುಕೊಳ್ಳಬಹುದು. ಪೈಥಾನ್‌ನ ಇಂಟ್ ಮೆಮೊರಿ ಇರುವಷ್ಟು ಬೆಳೆಯುತ್ತದೆ, ಆ ಪದ ಅಲ್ಲಿ ಒಪ್ಪುತ್ತದೆ. ಬೈಟ್ ಲೆಕ್ಕಕ್ಕೆ ‘ಗಾತ್ರ’, ಎಲ್ಲಿಂದ ಎಲ್ಲಿಯವರೆಗೆ ಅನ್ನುವುದಕ್ಕೆ ‘ವ್ಯಾಪ್ತಿ’. ಇದರಲ್ಲಿ ಯಾರಿಗೂ ತಕರಾರು ಇರಲಿಕ್ಕಿಲ್ಲ.

ನಿಜವಾಗಿ ಕಾಡುತ್ತಿರುವುದು ‘ಓವರ್‌ಫ್ಲೋ’, ಅಂದರೆ ಸಂಖ್ಯೆ ತನ್ನ ಟೈಪಿನ ವ್ಯಾಪ್ತಿಯನ್ನು ಮೀರುವುದು. ‘ಅತಿಪ್ರವಾಹ’ ಅಂದರೆ ನೆರೆ ಬಂದ ಹಾಗೆ ಕೇಳಿಸುತ್ತದೆ. ನಮ್ಮ ಸೀಮೆಯಲ್ಲಿ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋದರೆ ‘ಕೋಡಿ ಬಿತ್ತು’ ಅನ್ನುತ್ತೇವೆ. 2022ರಲ್ಲಿ ಹಿರಿಯೂರಿನ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಊರೂರಿನವರು ನೋಡಲು ಹೋದರು. ಇಷ್ಟು ಬಳಕೆಯಲ್ಲಿರುವ ಪದ ಕೈಯಲ್ಲಿರುವಾಗ ಹೊಸದನ್ನು ಯಾಕೆ ಕಟ್ಟಬೇಕು ಅನ್ನಿಸಿತು.

ಆದರೆ ಅರ್ಥವನ್ನು ಒರೆಗೆ ಹಚ್ಚಿದರೆ ಪೂರ್ತಿ ಕೂರುವುದಿಲ್ಲ. ಕೋಡಿ ಬಿದ್ದರೂ ಕೆರೆ ತುಂಬಿಯೇ ಇರುತ್ತದೆ. ಜಾವಾದ ಇಂಟ್ ತನ್ನ ಕೊನೆಯ ಸಂಖ್ಯೆಯಲ್ಲಿದ್ದಾಗ 1 ಕೂಡಿಸಿದರೆ ಅಲ್ಲೇ ನಿಲ್ಲುವುದಿಲ್ಲ, ನೇರ -2,14,74,83,648ಕ್ಕೆ ಹೋಗಿಬಿಡುತ್ತದೆ. 16 ಬಿಟ್‌ನ ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ) ಪೂರ್ಣಾಂಕ 65,535 ದಾಟಿದರೆ ಸೊನ್ನೆಗೆ ಬರುತ್ತದೆ. ಇದಕ್ಕೆ ‘ಸುತ್ತಿ ಬರುವುದು’ ಅನ್ನುವುದೇ ಸರಿ. ಸೈನ್ಡ್ (ಋಣ ಸಂಖ್ಯೆಯೂ ಇರುವ) ಇಂಟ್ ಹೀಗೆ ಮೀರಿದರೆ ಏನಾಗಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಇನ್ನು ರಸ್ಟ್ ಭಾಷೆಯಲ್ಲಿ ಗಡಿ ಮುಟ್ಟಿದ ಮೇಲೆ ಅಲ್ಲೇ ನಿಲ್ಲುವ ‘ಸ್ಯಾಚುರೇಟಿಂಗ್’ ಕೂಡುವಿಕೆ ಅಂತ ಬೇರೆಯೇ ಇದೆ. ‘ಕೋಡಿ’ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಹಾಗಾದರೆ ಓವರ್‌ಫ್ಲೋಗೆ ಒಟ್ಟಾರೆ ‘ಮಿತಿ ಮೀರುವುದು’ ಅಂತ ಇಟ್ಟು, ಅದರ ಬಗೆಗಳಿಗೆ ‘ಸುತ್ತು’ ಮತ್ತು ‘ಕೋಡಿ’ ಅನ್ನಬಹುದೇ? ಬೇರೆ ಸೀಮೆಯವರಿಗೆ ‘ಕೋಡಿ’ ಅಂದ ಕೂಡಲೇ ಕೆರೆ ಕೋಡಿ ನೆನಪಾಗುತ್ತಾ? ಕರಾವಳಿಯ ಕಡೆ ಈ ಪದಕ್ಕೆ ಬೇರೆ ಅರ್ಥ ಇದ್ದರೆ ತಿಳಿಸಿ.

ಕೊನೆಗೆ ಸೈನ್ಡ್, ಅನ್‌ಸೈನ್ಡ್. ‘ಚಿಹ್ನೆಸಹಿತ’, ‘ಚಿಹ್ನೆರಹಿತ’ ಅಂತ ಬರೆದಿದ್ದೇನೆ. ಮೆಷಿನ್ ಅನುವಾದದಲ್ಲಿ ಬರುವ ‘ಸಹಿ ಮಾಡಿದ’ ಖಂಡಿತ ಬೇಡ. ‘ಋಣ ಇರುವ’, ‘ಋಣ ಇಲ್ಲದ’ ಅಂದರೆ ಮಕ್ಕಳಿಗೆ ಇನ್ನೂ ಬೇಗ ತಿಳಿಯುತ್ತದೆ ಅನ್ನುವುದು ನನ್ನ ಅನಿಸಿಕೆ. ಪಾಠ ಮಾಡಿದ ಅನುಭವ ಇರುವವರು ಯಾವುದನ್ನು ಬಳಸುತ್ತೀರಿ?