ಹಮ್ತಾ ಪಾಸ್‌ಗೆ ಯಾವ ಸ್ಟೌವ್ ಒಯ್ಯೋದು?

ಸಾಗರದವಳು:
ಸೆಪ್ಟೆಂಬರ್ ಕೊನೇ ವಾರ ನಾನು, ನನ್ನ ತಮ್ಮ ಹಿಮಾಚಲದ ಎತ್ತರದ ಬೆಟ್ಟದಾರಿ ಹಮ್ತಾ ಪಾಸ್‌ಗೆ ಹೊರಟಿದ್ದೀವಿ. ಮನಾಲಿಯ ಒಬ್ಬ ಗೈಡ್ ಜೊತೆಗಿರ್ತಾರೆ, ಟೆಂಟು ಅಡುಗೆ ಎಲ್ಲ ನಮ್ಮದೇ. ಬೆಂಗಳೂರಿಂದ ದೆಹಲಿಗೆ ರೈಲು, ಮುಂದೆ ಬಸ್ಸು. ಜೋಬ್ರಾದಿಂದ ಛತ್ರುವರೆಗೆ ನಾಲ್ಕು ರಾತ್ರಿ. ಉದ್ದ ಬ್ಯೂಟೇನ್ ಡಬ್ಬಿ ಮಲಗಿಸಿ ಹಾಕುವ ಪೆಟ್ಟಿಗೆ ಸ್ಟೌವ್ ಮನೇಲೇ ಇದೆ, ಅಪ್ಪ ಅದನ್ನೇ ಒಯ್ಯಿರಿ ಅಂತಾರೆ. ಅಂಗಡಿಯವರು ಸಿಲಿಂಡರ್ ತಲೆ ಮೇಲೆ ತಿರುಪಿ ಕೂರಿಸುವ ಚಿಕ್ಕ ಬರ್ನರ್ ತೋರಿಸಿದರು. ತಮ್ಮನಿಗೆ ದಿನಾ ಅನ್ನ ಸಾರು ಆಗಲೇಬೇಕು. ಯಾವುದು ತಗೊಳ್ಳಲಿ?

ಘಟ್ಟದ ಅಲೆಮಾರಿ:
ಪೆಟ್ಟಿಗೆ ಸ್ಟೌವ್ ಕಾರಲ್ಲಿ ಹೋಗೋರಿಗೆ ಸರಿ. ಒಂದು ಕೆಜಿಗೂ ಮೇಲೆ ತೂಗುತ್ತೆ, ಬ್ಯಾಗಲ್ಲಿ ಜಾಗಾನೂ ತಿನ್ನುತ್ತೆ. ಬೆನ್ನ ಮೇಲೆ ಹೊರೋಕೆ ಚಿಕ್ಕ ಬರ್ನರೇ ಸೈ.

ಮೈಸೂರು ಚಾರಣಿಗ:
ಸ್ಟೌವ್‌ಗಿಂತ ಮೊದಲು ಗ್ಯಾಸ್ ಯಾವುದು ಅಂತ ನೋಡಿ. ಗ್ಯಾಸ್ ಡಬ್ಬಿಯನ್ನ ರೈಲಲ್ಲಿ ಒಯ್ಯೋ ಹಾಗೇ ಇಲ್ಲ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ನಲ್ಲಿ ಮೂರು ವರ್ಷದವರೆಗೆ ಜೈಲಿದೆ. ವಿಮಾನದಲ್ಲೂ ಬಿಡೋಲ್ಲ. ಬರ್ನರ್ ಮಾತ್ರ ಇಲ್ಲಿಂದ ಒಯ್ಯಿರಿ. ಡಬ್ಬಿ ಮನಾಲಿಯ ಟ್ರೆಕಿಂಗ್ ಅಂಗಡೀಲಿ ಸಿಗುತ್ತೆ, ಬೇಕಾದರೆ ಗೈಡ್‌ಗೆ ಮೊದಲೇ ತೆಗೆದಿಡೋಕೆ ಹೇಳಿ.

ಉದ್ದ ಡಬ್ಬೀಲಿ ಹೆಚ್ಚಾಗಿ ಬರೀ ಬ್ಯೂಟೇನ್ ಇರುತ್ತೆ. ಸಮುದ್ರಮಟ್ಟದ ಲೆಕ್ಕದಲ್ಲಿ ಮೈನಸ್ ಅರ್ಧ ಡಿಗ್ರಿಗಿಂತ ಕೆಳಗೆ ಅದು ಸರಿಯಾಗಿ ಆವಿಯಾಗೋದಿಲ್ಲ, ಡಬ್ಬಿಯೊಳಗೆ ನೀರಿನ ಹಾಗೆ ಕೂತುಬಿಡುತ್ತೆ. ಐಸೋಬ್ಯೂಟೇನ್ ಮೈನಸ್ 12ರ ಹತ್ತಿರ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತೆ. ತಿರುಪಿನ ಡಬ್ಬೀಲಿ ಈ ಎರಡರ ಮಿಶ್ರಣ ಇದೆಯಾ ಅಂತ ಓದಿ ಕೊಳ್ಳಿ.

ನಾನು ಇದನ್ನ ಕಲಿತಿದ್ದು ಇದೇ ದಾರಿಯ ಶಿಯಾಗೋರು ಕ್ಯಾಂಪಿನಲ್ಲಿ. ಅಗ್ಗ ಅಂತ ಬರ್ನರ್‌ಗೆ ಅಡಾಪ್ಟರ್ ಸಿಕ್ಕಿಸಿ ಉದ್ದ ಡಬ್ಬಿ ಹಾಕಿದ್ದೆ. ರಾತ್ರಿ ಅದು ಟೆಂಟಿನ ಹೊರಗೇ ಉಳಿಯಿತು. ಬೆಳಿಗ್ಗೆ ಕಡ್ಡಿ ಗೀರಿದರೆ ಉರಿ ಎರಡು ನಿಮಿಷ ನೀಲಿಯಾಗಿ ನಿಂತು, ಆಮೇಲೆ ಕುಗ್ಗಿ ಕುಗ್ಗಿ ಬರ್ನರ್ ತೂತುಗಳ ಬಾಯಲ್ಲಿ ಸಾಸಿವೆಕಾಳಿನಷ್ಟು ಉಳಿಯಿತು. ಡಬ್ಬಿಯ ಹೊಟ್ಟೆ ಸುತ್ತ ಬೆಳ್ಳನೆ ಮಂಜು ಹರಳುಗಟ್ಟಿತ್ತು, ಬೆರಳಿಟ್ಟರೆ ಅಂಟುತ್ತಿತ್ತು. ಜೊತೆಗಾರನ ಫ್ಲಾಸ್ಕಿನಲ್ಲಿ ಉಳಿದಿದ್ದ ಉಗುರುಬೆಚ್ಚಗಿನ ನೀರನ್ನ ತಟ್ಟೆಗೆ ಸುರಿದು ಡಬ್ಬಿಯನ್ನ ಅದರಲ್ಲಿ ನಿಲ್ಲಿಸಿದ ಮೇಲೆ ಉರಿ ಮೇಲೆದ್ದಿತು. ಅವತ್ತಿಂದ ರಾತ್ರಿ ಡಬ್ಬಿ ನನ್ನ ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲೇ ಮಲಗುತ್ತೆ.

ಒತ್ತಿದರೆ ಕಿಡಿ ಬರೋ ಬಟನ್ ಎತ್ತರದಲ್ಲಿ ಕೈಕೊಡುತ್ತೆ, ಎರಡು ಬೆಂಕಿಪೊಟ್ಟಣ ಬೇರೆ ಬೇರೆ ಜಾಗದಲ್ಲಿಡಿ. ಗಾಳಿಗೆ ಅಂತ ಡಬ್ಬಿಯನ್ನೂ ಸೇರಿಸಿ ಸುತ್ತ ತಗಡು ಕಟ್ಟಬೇಡಿ, ಡಬ್ಬಿ ಕಾದು ಸಿಡಿಯಬಹುದು. ಕಲ್ಲಿನ ಮರೆ ಸಾಕು. ಮಳೆ ಬಂದರೂ ಟೆಂಟ್ ಮುಚ್ಚಿಕೊಂಡು ಒಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ದಯವಿಟ್ಟು ಇದೊಂದನ್ನ ನಿಮ್ಮ ತಮ್ಮನಿಗೂ ಕೂರಿಸಿ ಹೇಳಿ.

ಸಾಗರದವಳು:
ತುಂಬಾ ಉಪಕಾರವಾಯ್ತು ಸರ್, ಹೇಳ್ತೀನಿ. ಎಷ್ಟು ಡಬ್ಬಿ ಬೇಕಾಗಬಹುದು? ಅನ್ನದ ವಿಷಯ ಹೇಳಲೇ ಇಲ್ಲ ನೀವು.

ಮೈಸೂರು ಚಾರಣಿಗ:
ಆ ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿಯಾಗೋಲ್ಲ. ಅಕ್ಕಿ ಮೇಲೆ ಮೆತ್ತಗಾಗಿ ಒಳಗೆ ಗಟ್ಟಿ ಉಳಿಯುತ್ತೆ, ತೊಗರಿಬೇಳೆ ಬೇಯೋದೇ ಇಲ್ಲ. ಬೇಕೇ ಬೇಕಂದರೆ ಪುಟ್ಟ ಕುಕ್ಕರ್ ಹೊರಬೇಕು, ಚಿಕ್ಕ ಬರ್ನರ್ ಮೇಲೆ ಅದು ವಾಲಾಡುತ್ತೆ. ನಾನಂತೂ ಹುರಿದ ರವೆಗೆ ಒಗ್ಗರಣೆ ಹಾಕಿ ಕಟ್ಟಿಕೊಂಡು ಹೋಗ್ತೀನಿ. ಕುದಿನೀರು ಹಾಕಿ ಮುಚ್ಚಿಟ್ಟರೆ ಉಪ್ಪಿಟ್ಟು. ಗೊಜ್ಜವಲಕ್ಕಿಗೆ ಅದೂ ಬೇಡ, ತಣ್ಣೀರೇ ಸಾಕು.

ಹೀಗಾದರೆ ಇಬ್ಬರಿಗೆ ದಿನಕ್ಕೆ ಸುಮಾರು ಮೂರು ಲೀಟರ್ ನೀರು ಕುದಿಸ್ತೀರಿ. ಚಳಿ, ಗಾಳಿ ಲೆಕ್ಕ ಹಿಡಿದು ಲೀಟರಿಗೆ 20 ಗ್ರಾಂ ಅಂದುಕೊಳ್ಳಿ. ನಾಲ್ಕು ದಿನಕ್ಕೇ 240 ಗ್ರಾಂ ಆಯ್ತು. 230 ಗ್ರಾಮಿನ ಒಂದು ಡಬ್ಬಿ ಸಾಲದು, ಎರಡು ತಗೊಳ್ಳಿ. ಖಾಲಿಯಾದದ್ದನ್ನ ಕಣಿವೇಲಿ ಬಿಡದೆ ವಾಪಸ್ ತನ್ನಿ.

ಸಾಗರದವಳು:
ಕುಕ್ಕರ್ ಬಿಟ್ಟೆವು ಸರ್. ಗೊಜ್ಜಿನ ಪುಡಿ ಅಮ್ಮ ಮಾಡಿಕೊಡ್ತಾರೆ. ಅನ್ನ ಸಾರು ಮನಾಲಿಗೆ ವಾಪಸ್ ಬಂದ ಮೇಲೆ ಅಂತ ತಮ್ಮನನ್ನ ಒಪ್ಪಿಸಿದ್ದೀನಿ.